ಪಂಚಾಂಗ ನೋಡಿ ವಿಯೆಟ್ನಾಂ ಮಾರ್ಕೆಟ್ಟಿನಲ್ಲಿ ಉಂಡದ್ದು

ವಿಯೆಟ್ನಾಮಿಗೆ ಹೊರಟ ಸಸ್ಯಾಹಾರಿಗಳು ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡು ಹೋಗುವುದು ವಾಡಿಕೆ. ನಾನು ಮಾರ್ಕೆಟ್ಟಿನೊಳಗೇ ಕೂತು ಊಟ ಮಾಡುತ್ತೇನೆ ಅಂದಾಗ, "ಮೀನಿನ ವಾಸನೆಗೇ ಓಡಿ ಬರ್ತೀ, ನೋಡ್ತಿರು" ಅಂತ ನಕ್ಕವರೇ ಜಾಸ್ತಿ. ಈಗ ಅದೇ ಮಂದಿ ತಾರೀಕು ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಸಲ ಯಾವುದೂ ಕೈಹಿಡಿಯಲಿಲ್ಲ. 'ಮಾಂಸ ಬೇಡ' ಅಂತ ಅವರ ಭಾಷೆಯಲ್ಲೇ ಚೀಟಿ ಬರೆಸಿ ತೋರಿಸಿದೆ. ಸೈಗಾನಿನ ಬೆನ್ ಥಾನ್ ಮಾರ್ಕೆಟ್ಟಿನಲ್ಲಿ ತುಂಡುಗಳನ್ನು ಬಿಟ್ಟು, ಮೂಳೆ ಬೇಯಿಸಿದ ಅದೇ ಸಾರನ್ನು ಹೊಯ್ದು ಫೋ, ಅಂದರೆ ಅಲ್ಲಿನ ನೂಡಲ್ಸ್ ಸಾರು, ಕೊಟ್ಟರು. ಮೀನಿನ ಸಾಸು ಅವರಿಗೆ ಉಪ್ಪಿನ ಲೆಕ್ಕ. 'ವೆಜ್ ಟೂರ್' ಅಂದ ಗೈಡಿಗೆ ತಲೆಗೆ ಎರಡೂವರೆ ಸಾವಿರ ರೂಪಾಯಿ ಸುರಿದೆವು. ಸಿಕ್ಕಿದ್ದು ಹಣ್ಣು, ಕಾಫಿ. ಕೊನೆಗೆ ಇಂಡಿಯನ್ ಹೋಟೆಲೇ ಗತಿ, ಇಬ್ಬರಿಗೆ ಹೊತ್ತಿಗೆ ಸುಮಾರು 2,000 ರೂಪಾಯಿ.

ದಾರಿ ಸಿಕ್ಕಿದ್ದು ನಮ್ಮ ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ. ವಿಯೆಟ್ನಾಮಿನ ಬೌದ್ಧರಲ್ಲಿ ಬಹಳ ಜನ ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ ಮಾಂಸ ಮುಟ್ಟುವುದಿಲ್ಲ. ನಮ್ಮ ಅಮಾವಾಸ್ಯೆ ತಿಥಿ ಮುಗಿಯುವ ದಿನ, ಮತ್ತೆ ಹುಣ್ಣಿಮೆ. ಒಂದು ದಿನ ಆಚೀಚೆ ಆದೀತು, ಎರಡು ದಿನ ಕೈಯಲ್ಲಿರಲಿ. ದಿನಾ ಹಂದಿಮಾಂಸ ಮಾರುವವರಲ್ಲೂ ಎಷ್ಟೋ ಮಂದಿ ಆವತ್ತು 'ಚಾಯ್' ಅಂತ ಬೋರ್ಡು ತೂಗುಹಾಕುತ್ತಾರೆ. ಅದು ಸಸ್ಯಾಹಾರ, ಸಾರೂ ತರಕಾರಿಯದ್ದೇ, ಮೀನಿನ ಸಾಸಿನ ಜಾಗದಲ್ಲಿ ಸೋಯಾ.

ಸೈಗಾನಿನ ಚೀನೀಯರ ಪೇಟೆ ಚೋಲೋನ್ ಕಡೆಯ ಬಿನ್ ತೈ ಮಾರ್ಕೆಟ್ಟಿಗೆ ಬೆಳಗ್ಗೆ ಆರಕ್ಕೇ ಹೋದೆ. ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲು, ಮಜ್ಜಿಗೆಹುಲ್ಲು-ಮೆಣಸಿನಲ್ಲಿ ಹುರಿದ ತೋಫು, ಅನ್ನ, ಬೋಗುಣಿ ತುಂಬ ಸೊಪ್ಪು: 30,000 ಡಾಂಗ್, ನಮ್ಮ ನೂರು ರೂಪಾಯಿ ಹತ್ತಿರ. ನಡು ವಿಯೆಟ್ನಾಮಿನ ಹುವೆಯಲ್ಲಿ ಇನ್ನೂ ಸುಖ, ಅದು ಬೌದ್ಧ ಮಠಗಳ ಊರು. ಡೋಂಗ್ ಬಾ ಮಾರ್ಕೆಟ್ ಹತ್ತಿರ ಗುಜ್ಜೆ ಪಲ್ಯ ತಿಂದೆ ಅಂದರೆ ಪುತ್ತೂರಿನ ಅತ್ತಿಗೆ ಈಗಲೂ ನಂಬುವುದಿಲ್ಲ. ಎಳೆ ಹಲಸನ್ನು ಅವರೂ ಬೇಯಿಸಿ ಬಿಡಿಸುತ್ತಾರೆ, ಮೇಲೆ ಎಳ್ಳು, ಕಡಲೆಬೀಜ. ತೆಂಗಿನತುರಿ ಇಲ್ಲ ಅನ್ನೋದೊಂದೇ ಕೊರತೆ.

ನಡುವೆ ಒಂದೆಲಗದ ಜ್ಯೂಸಿನ ಪ್ರಯೋಗವೂ ಆಯಿತು. ಅದನ್ನು ಅವರು ಸಕ್ಕರೆ, ಐಸ್ ಹಾಕಿ ಲೋಟಗಟ್ಟಲೆ ಕುಡಿಯುತ್ತಾರೆ. ಒಗರು. ನನಗೆ ಹಿಡಿಸಿತು, ಹೆಂಡತಿಗೆ ಇಲ್ಲ.

ಚೌಕಾಸಿ ಮಾತ್ರ ಬೆಳಗ್ಗೆಯೇ ಬೇಡ. ಬೋಣಿ ನಂಬಿಕೆ ಅಲ್ಲಿ ನಮ್ಮಷ್ಟೇ ಗಟ್ಟಿ. ನನ್ನೆದುರೇ ಒಬ್ಬ ಟೂರಿಸ್ಟು ಗೋಡಂಬಿ ರೇಟು ಜಗ್ಗಾಡಿ ಏನೂ ಕೊಳ್ಳದೆ ಹೋದ. ಅಂಗಡಿಯಾಕೆ ಪೇಪರು ಸುರುಳಿ ಸುತ್ತಿ, ಲೈಟರ್ ಹಚ್ಚಿ, ಸಾಮಾನಿನ ಮೇಲೆಲ್ಲ ಆಡಿಸಿದಳು, ಥೇಟ್ ದೃಷ್ಟಿ ತೆಗೆದ ಹಾಗೆ. ಹತ್ತು ಗಂಟೆ ದಾಟಿದ ಮೇಲೆ ಹೋಗಿ ಆಕೆಯಿಂದಲೇ ಕಾಲು ಭಾಗ ಇಳಿಸಿ ತಂದೆ. ಹೇಗೆ ಇಳಿಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ.

ನೋಟು ಕೊಡುವಾಗ ಜೋಪಾನ: 20,000 ಮತ್ತು 5,00,000 ಎರಡೂ ನೀಲಿ. ಬಿಡಿಬಿಡಿಯಾಗಿ ಬೇರೆ ಜೇಬಿನಲ್ಲಿಡಿ. ನಮ್ಮಿಬ್ಬರ ಊಟ, ಜ್ಯೂಸು ಎಲ್ಲ ಸೇರಿ ದಿನಕ್ಕೆ ಆರೇಳು ನೂರು ರೂಪಾಯಿ ದಾಟಲಿಲ್ಲ. ಅವಲಕ್ಕಿ ಪೊಟ್ಟಣ ಬಿಚ್ಚದೆ ವಾಪಸ್ ಬಂತು.