ಡಬ್ಲ್ಯೂಡಬ್ಲ್ಯೂಇ ಚಾಂಪಿಯನ್‌ಶಿಪ್ ಹಿಸ್ಟರಿ ತಲೆ ಕೆಡ್ಸ್ಕೊಳ್ದೆ ಓದೋದು ಹೇಗೆ

ಡಬ್ಲ್ಯೂಡಬ್ಲ್ಯೂಇ ಅಂದ್ರೆ ಅಮೆರಿಕದ ಕುಸ್ತಿ ಶೋ ಕಂಪನಿ. ಫಸ್ಟ್ ಒಂದು ವಿಷ್ಯ ತಲೇಲಿಟ್ಕೊಳಿ, ಬೆಲ್ಟ್ (ಚಾಂಪಿಯನ್ ಸೊಂಟಕ್ಕೆ ಕಟ್ಕೊಳ್ಳೋ ಪಟ್ಟಿ) ಬೇರೆ, ಟೈಟಲ್ (ಚಾಂಪಿಯನ್ ಅನ್ನೋ ಪಟ್ಟ) ಬೇರೆ. ಬೆಲ್ಟ್ ಡಿಸೈನ್ ಬದ್ಲಾಗ್ತಾನೇ ಇರತ್ತೆ, ಅದ್ರ ಹಿಂದೆ ಹೋದ್ರೆ ಕೆಟ್ರಿ, ಯಾರು ಯಾರನ್ನ ಸೋಲ್ಸಿ ತಗೊಂಡ್ರು ಅನ್ನೋ ಚೈನ್ ಹಿಡ್ಕೊಳಿ.

1963ರಿಂದ ಶುರು ಮಾಡಿ. ಮೊದಲ್ನೇ ಚಾಂಪಿಯನ್ ಬಡ್ಡಿ ರಾಜರ್ಸ್, ರಿಯೋದಲ್ಲಿ ಟೂರ್ನಮೆಂಟ್ ಗೆದ್ದ ಅಂತಾರೆ, ಆದ್ರೆ ಆ ಟೂರ್ನಮೆಂಟ್ ನಡ್ದೇ ಇಲ್ಲ ಕಣ್ರೀ, ಬರೀ ಕಥೆ! ಮೇ 17ಕ್ಕೆ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಬ್ರೂನೋ ಸಮ್ಮಾರ್ಟಿನೋ ಅವನನ್ನ 48 ಸೆಕೆಂಡಲ್ಲಿ ಮುಗಿಸ್ಬಿಟ್ಟು ಟೈಟಲ್ ತಗೊಂಡೋನು 1971 ಜನವರಿಲಿ ಐವನ್ ಕೊಲಾಫ್ ಕೈಲಿ ಸೋಲೋವರ್ಗೂ ಬಿಟ್ಕೊಡ್ಲೇ ಇಲ್ಲ, 2,803 ದಿನ.

ಚಾಂಪಿಯನ್‌ಗಳ ಲಿಸ್ಟ್‌ಗಳು ಒಂದಕ್ಕೊಂದು ತಾಳೆ ಆಗ್ಲಿಲ್ವಾ? 1979 ನೋಡಿ. ಜಪಾನಲ್ಲಿ ಆಂಟೋನಿಯೋ ಇನೋಕಿ ಆಗಿನ ಚಾಂಪಿಯನ್ ಬಾಬ್ ಬ್ಯಾಕ್‌ಲಂಡ್‌ನ ಸೋಲ್ಸಿದ್ದ, ಕಂಪನಿ ಮಾತ್ರ ಅದನ್ನ ಲೆಕ್ಕಕ್ಕೇ ತಗೊಂಡಿಲ್ಲ. ನನ್ ಪ್ರಕಾರ ಇದು ಮೋಸಾನೇ.

ಆಮೇಲೆ 2002ರಲ್ಲಿ ಟ್ರಿಪಲ್ ಎಚ್ ಅನ್ನೋ ಕುಸ್ತಿಪಟುಗೆ ಕೊಟ್ಟ ವರ್ಲ್ಡ್ ಹೆವಿವೇಟ್ ಟೈಟಲ್‌ನ ಈ ಡಬ್ಲ್ಯೂಡಬ್ಲ್ಯೂಇ ಚಾಂಪಿಯನ್‌ಶಿಪ್ ಜೊತೆ ಕಲಸ್ಬೇಡಿ, ಅದು 2013ರಲ್ಲಿ ಇದಕ್ಕೆ ಸೇರ್ಕೊಳ್ತು. 2023ರಲ್ಲಿ ಸೆತ್ ರಾಲಿನ್ಸ್ ಗೆದ್ದಿದ್ದು ಹೆಸ್ರು ಅದೇ ಆದ್ರೂ ಹೊಸಾದು, ಅದಕ್ಕೆ ಬೇರೇನೇ ಲಿಸ್ಟ್ ಮಾಡ್ಕೊಳಿ.