ರತ್ನಗಂಬಳಿಗೆ ಬೆಲೆ ಕಟ್ಟೋದು ಹೇಗೆ? ಮೊದಲು ಮಗುಚಿ ಹಾಕಿ

ಗಲ್ಫ್‌ನಲ್ಲಿ ದುಡಿದು ಬಂದ ಚಿಕ್ಕಪ್ಪ ತಂದದ್ದೋ, ಹಳೇ ಮನೆ ಖಾಲಿ ಮಾಡುವಾಗ ಅಟ್ಟದಲ್ಲಿ ಸಿಕ್ಕಿದ್ದೋ, ಮನೆಯಲ್ಲೊಂದು ‘ಪರ್ಷಿಯನ್ ಕಾರ್ಪೆಟ್’ ಇದ್ದರೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಮಾರಿದರೆ ಎಷ್ಟು ಬರಬಹುದು? ಕೇಳುವವರು ಮೇಲಿನ ಹೂಬಳ್ಳಿ ನೋಡುತ್ತಾರೆ. ಬೆಲೆ ಬಲ್ಲವರು ಮೂಲೆ ಹಿಡಿದು ಮಗುಚುತ್ತಾರೆ.

ನೀವೂ ಮಗುಚಿ. ಹಿಂಬದಿಗೆ ಬಟ್ಟೆ ಅಂಟಿಸಿದ್ದರೆ ಅದು ಟಫ್ಟೆಡ್ ಕಾರ್ಪೆಟ್. ಯಂತ್ರದ ಗನ್‌ನಿಂದ ನೂಲು ಚುಚ್ಚಿ ಗೋಂದು ಬಳಿದದ್ದು. ಬೆಲೆಯ ಮಾತು ಅಲ್ಲಿಗೆ ಮುಗಿಯಿತು. ಕೈಯಲ್ಲಿ ಕಟ್ಟಿದ್ದಾದರೆ ಮುಂದಿನ ಹೂವೇ ಹಿಂದೆಯೂ ಸ್ಪಷ್ಟವಾಗಿ ಕಾಣುತ್ತದೆ. ಗಂಟುಗಳ ಸಾಲು ಅಲ್ಲಲ್ಲಿ ಸ್ವಲ್ಪ ಓರೆಯಾಗಿರುತ್ತದೆ. ಆಮೇಲೆ ಕುಚ್ಚು ನೋಡಿ. ಸೀರೆ ಸೆರಗಿನ ಕುಚ್ಚಿನಂತೆ ಅದು ಹಾಸಿನ ನೂಲೇ (ಮಗ್ಗದ ಮೇಲೆ ಉದ್ದಕ್ಕೆ ಬಿಗಿದು ಕಟ್ಟುವ ನೂಲು) ಹೊರಗೆ ಬಂದದ್ದಾಗಿರಬೇಕು. ಬೇರೆ ತಂದು ಹೊಲಿದಿದ್ದರೆ ಒಂದೋ ಅದು ಯಂತ್ರದ್ದು, ಇಲ್ಲವೇ ಹಳೇ ಕುಚ್ಚು ಹೋಗಿ ರಿಪೇರಿ ಆದದ್ದು.

ಈಗ ಗಂಟು ಎಣಿಸೋಣ. ಹಿಂಬದಿಯ ಮೇಲೆ ಸ್ಕೇಲ್ ಇಟ್ಟು ಅಡ್ಡಕ್ಕೆ ಒಂದು ಇಂಚಿನಲ್ಲಿ ಎಷ್ಟು, ಉದ್ದಕ್ಕೆ ಒಂದು ಇಂಚಿನಲ್ಲಿ ಎಷ್ಟು ಅಂತ ಎಣಿಸಿ ಗುಣಿಸಿ. ಇಲ್ಲೊಂದು ತೊಡಕಿದೆ. ಒಂದು ಗಂಟು ಎರಡು ಹಾಸಿನ ನೂಲನ್ನು ಸುತ್ತುತ್ತದೆ. ಆ ಎರಡು ನೂಲೂ ಒಂದೇ ಮಟ್ಟದಲ್ಲಿದ್ದರೆ ಹಿಂದೆ ಒಂದೇ ಬಣ್ಣದ ಎರಡು ಉಬ್ಬು ಕಾಣುತ್ತವೆ. ಆ ಜೋಡಿಯೇ ಒಂದು ಗಂಟು. ಮೊದಲ ಸಲ ನಾನು ನೆಂಟರ ಮನೆಯಲ್ಲಿ ಎರಡನ್ನೂ ಬೇರೆ ಬೇರೆ ಎಣಿಸಿ, ಇದ್ದದ್ದರ ದುಪ್ಪಟ್ಟು ಹೇಳಿ, ಅವರನ್ನು ಸುಮ್ನೆ ಖುಷಿಪಡಿಸಿ ಬಂದಿದ್ದೆ!

ಅಡ್ಡಕ್ಕೆ 12, ಉದ್ದಕ್ಕೆ 14 ಅಂದುಕೊಳ್ಳಿ. ಚದರ ಇಂಚಿಗೆ 168 ಆಯಿತು. 4 ಅಡಿಗೆ 6 ಅಡಿಯ ಕಾರ್ಪೆಟ್‌ನಲ್ಲಿ ಸುಮಾರು 5.8 ಲಕ್ಷ ಗಂಟು. ಒಬ್ಬರು ದಿನಕ್ಕೆ 6,000 ಗಂಟು ಕಟ್ಟಿದರೂ 97 ದಿನದ ಕೆಲಸ. ಬೆಲೆಯಲ್ಲಿ ದೊಡ್ಡ ಪಾಲು ಈ ಕೂಲಿಯದ್ದೇ. ಇರಾನಿನಲ್ಲಿ ಊರಿಗೊಂದು ಅಳತೆಯೂ ಉಂಟು. ತಬ್ರೀಜ್‌ನವರು ‘ರಜ್’ ಅನ್ನುತ್ತಾರೆ, ಅಂದರೆ ಸುಮಾರು 7 ಸೆಂಟಿಮೀಟರ್‌ನಲ್ಲಿ ಎಷ್ಟು ಗಂಟು ಎಂಬ ಲೆಕ್ಕ. ನಾಯಿನ್‌ನವರದು ‘ಲಾ’, ಹಾಸಿನ ನೂಲು ಎಷ್ಟು ಎಳೆಯದ್ದು ಅನ್ನುವ ಲೆಕ್ಕ. ಇದು ತಿರುಗುಮುರುಗು: 9 ಲಾಗಿಂತ 6 ಲಾ ನಯ, ಅದಕ್ಕಿಂತ 4 ಲಾ ನಯ, ದುಬಾರಿಯೂ ಹೌದು.

ಆದರೆ ಗಂಟಿನ ಸಂಖ್ಯೆಯನ್ನೇ ಹಿಡಿದು ಕೂತರೆ ಮೋಸ ಹೋಗುತ್ತೀರಿ. ಹೆರೀಜ್ ಎಂಬ ಊರಿನವು ದಪ್ಪ ಗಂಟಿನವು, ಆದರೂ ಹಳೆಯ ಒಳ್ಳೆಯ ಹೆರೀಜ್‌ಗೆ ಜನ ಮುಗಿಬೀಳುತ್ತಾರೆ. ಖಶ್ಕಾಯಿಯಂಥ ಅಲೆಮಾರಿ ಬುಡಕಟ್ಟಿನವರ ನೇಯ್ಗೆಗೂ ಹಾಗೇ. ಅಲ್ಲಿ ಎಣಿಕೆಗಿಂತ ಬಣ್ಣ ಮತ್ತು ಕೈಚಳಕಕ್ಕೇ ದುಡ್ಡು.

ಬಣ್ಣ ನೋಡಲು ಉಣ್ಣೆಯನ್ನು ಬೆರಳಲ್ಲಿ ಬಿಡಿಸಿ ಬುಡ ನೋಡಿ. ಬುಡದಲ್ಲಿ ಗಾಢ ನೇರಳೆ, ತುದಿಯಲ್ಲಿ ಬೂದಿ ಬಣ್ಣ ಇದ್ದರೆ 19ನೇ ಶತಮಾನದ ಕೊನೆಗೆ ಬಂದ ಆರಂಭದ ರಾಸಾಯನಿಕ ಬಣ್ಣ ಅಂತ ಅನುಮಾನಿಸಬಹುದು. ಮಂಜಿಷ್ಠದ ಕೆಂಪು, ನೀಲಿಗಿಡದ ನೀಲಿ ಇಷ್ಟು ಕೆಟ್ಟದಾಗಿ ಮಾಸುವುದಿಲ್ಲ. ಒದ್ದೆ ಬಿಳಿ ಬಟ್ಟೆಯಿಂದ ಒಂದು ಮೂಲೆ ಮೆಲ್ಲಗೆ ಉಜ್ಜಿ. ಬಣ್ಣ ಹತ್ತಿದರೆ ಬೆಲೆ ಇಳಿಯುತ್ತದೆ. ಹೂಬಳ್ಳಿಯ ಹಿನ್ನೆಲೆಯ ಬಣ್ಣ ಪಟ್ಟೆಪಟ್ಟೆಯಾಗಿ ಬದಲಾಗಿದ್ದರೆ ಮಾತ್ರ ಹೆದರಬೇಡಿ. ಒಂದು ಹಂಡೆಯ ಬಣ್ಣ ಮುಗಿದು ಇನ್ನೊಂದರಲ್ಲಿ ಅದ್ದಿದ ನೂಲು ಅದು. ಇದಕ್ಕೆ ‘ಅಬ್ರಶ್’ ಅನ್ನುತ್ತಾರೆ, ಇಷ್ಟಪಡುವವರೂ ಇದ್ದಾರೆ.

ರೇಷ್ಮೆ ಅಂತ ಹೇಳಿದ್ದರೆ, ಮೈಸೂರು ಸೀರೆ ಪರೀಕ್ಷಿಸುವ ಉಪಾಯವೇ ಸಾಕು. ಕುಚ್ಚಿನಿಂದ ಅಲ್ಲ, ಅದು ಹತ್ತಿಯದಿರಬಹುದು. ಮೇಲ್ಮೈಯ ಎರಡೆಳೆ ಕಿತ್ತು ಸುಡಿ. ಕೂದಲು ಸುಟ್ಟ ವಾಸನೆ ಬಂದರೆ ಸರಿ. ಕಾಗದ ಸುಟ್ಟಂತಿದ್ದರೆ ಮಿರುಗು ಕೊಟ್ಟ ಹತ್ತಿ, ಇಲ್ಲಾ ವಿಸ್ಕೋಸ್ ಎಂಬ ಕೃತಕ ರೇಷ್ಮೆ. ಅಂದಹಾಗೆ, ನಮ್ಮಲ್ಲಿ ಪರ್ಷಿಯನ್ ಅಂತ ಮಾರುವ ಎಷ್ಟೋ ರೇಷ್ಮೆ ಕಾರ್ಪೆಟ್‌ಗಳು ಕಾಶ್ಮೀರದವು. ಅವೂ ಕೈಕೆಲಸವೇ. ಆದರೆ ‘ಕೋಮ್ ಡಿಸೈನ್’ ಅಂದರೆ ಇರಾನಿನ ಕೋಮ್ ಊರಲ್ಲಿ ನೇಯ್ದದ್ದು ಅಂತ ಅರ್ಥವಲ್ಲ, ಅಲ್ವಾ?

ಇನ್ನು ವಯಸ್ಸು. ವ್ಯಾಪಾರದಲ್ಲಿ 100 ವರ್ಷ ದಾಟಿದ್ದನ್ನು ‘ಆಂಟಿಕ್’ ಅನ್ನುತ್ತಾರೆ. ಕೆಲವುದರ ಅಂಚಿನಲ್ಲಿ ಹಿಜರಿ (ಇಸ್ಲಾಮಿನ ಚಾಂದ್ರಮಾನ ಪಂಚಾಂಗದ) ಇಸವಿಯನ್ನೇ ನೇಯ್ದಿರುತ್ತಾರೆ. ಅದನ್ನು 33ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಕಳೆದು, 622 ಕೂಡಿಸಿ. 1325 ಅಂತಿದ್ದರೆ ಸುಮಾರು 1907. ಇರಾನ್ 1925ರಲ್ಲಿ ಸೌರ ಪಂಚಾಂಗಕ್ಕೆ ಬದಲಾದ್ದರಿಂದ ಆಮೇಲಿನವಕ್ಕೆ 621 ಕೂಡಿಸಿದರೆ ಸಾಕು. ಅಂಕಿಯ ಸುತ್ತಲಿನ ಗಂಟುಗಳನ್ನು ಹಿಂದಿನಿಂದಲೂ ನೋಡಿ. ಒಂದು ಅಂಕಿ ಕಿತ್ತು ಬೇರೆ ಕಟ್ಟಿ ಕಾರ್ಪೆಟ್‌ಗೆ ನೂರು ವರ್ಷ ವಯಸ್ಸು ಏರಿಸುವ ಕಿಲಾಡಿಗಳಿದ್ದಾರೆ. ಚಹಾದ ನೀರಲ್ಲಿ ಅದ್ದಿ ಮುದಿಯಾಗಿಸುವವರೂ ಇದ್ದಾರೆ.

ಕೊನೆಗೆ ಆರೋಗ್ಯ. ಒಂದು ಮೂಲೆಯನ್ನು ಮೆಲ್ಲಗೆ ಮಡಚಿ ಕಿವಿ ಕೊಡಿ. ಹಪ್ಪಳ ಮುರಿದಂಥ ಚಟಚಟ ಸದ್ದು ಬಂದರೆ ಒಳಗಿನ ಹತ್ತಿ ಕೊಳೆತಿದೆ. ಎಷ್ಟೇ ಅಂದವಾಗಿದ್ದರೂ ಅದು ಗೋಡೆಗೆ ಮಾತ್ರ. ನುಸಿ ತಿಂದ ಜಾಗ, ಸವೆದಲ್ಲಿ ಸ್ಕೆಚ್ ಪೆನ್ನಿನಿಂದ ತುಂಬಿದ ಬಣ್ಣ, ಕತ್ತರಿಸಿ ಚಿಕ್ಕದಾಗಿಸಿದ ಅಂಚು, ಎಲ್ಲವೂ ಬೆಲೆಯನ್ನು ಕೆಡವುತ್ತವೆ.

2013ರಲ್ಲಿ ನ್ಯೂಯಾರ್ಕ್‌ನ ಸೋದಬೀಸ್ ಹರಾಜಿನಲ್ಲಿ 17ನೇ ಶತಮಾನದ ಒಂದು ಕಾರ್ಪೆಟ್ 3.37 ಕೋಟಿ ಡಾಲರ್‌ಗೆ ಹೋಯಿತು. ಉದ್ದ ಒಂಬತ್ತು ಅಡಿಯೂ ಇಲ್ಲ. ಅದನ್ನು ನೆನೆದು ಅಟ್ಟ ಹತ್ತಬೇಡಿ. ಬೆಲೆ ಕಟ್ಟಿಸುವಾಗ ಕೊಳ್ಳುವ ಆಸೆಯಿಲ್ಲದವರ ಬಳಿ ಹೋಗಿ, ಯಾವ ಬೆಲೆ ಬೇಕು ಅಂತ ಮೊದಲೇ ಹೇಳಿ. ವಿಮೆಗೆ ಬರೆಯುವುದು ಅಂಥದ್ದೇ ಇನ್ನೊಂದನ್ನು ಅಂಗಡಿಯಲ್ಲಿ ಕೊಳ್ಳುವ ಬೆಲೆ. ಮಾರಿದರೆ ಕೈಗೆ ಬರುವುದು ಅದಕ್ಕಿಂತ ತೀರಾ ಕಡಿಮೆ. ಅಂಗಡಿಯ ‘70% ರಿಯಾಯಿತಿ’ ಚೀಟಿ ಎರಡರಲ್ಲೂ ಲೆಕ್ಕಕ್ಕಿಲ್ಲ. ಮಕ್ಕಳಿರುವ ಅಮೆರಿಕಕ್ಕೆ ಕಳಿಸುವ ಯೋಚನೆಯಿದ್ದರೆ ಇನ್ನೊಂದು ವಿಷಯ: 100 ವರ್ಷ ದಾಟಿದ ಕಲಾವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವುದನ್ನು 1972ರ ಪುರಾತನ ವಸ್ತುಗಳ ಕಾಯ್ದೆ ತಡೆಯುತ್ತದೆ. ಊರಾಚೆಯ ತಜ್ಞರಿಗೆ ಫೋಟೊ ಕಳಿಸುವುದಾದರೆ ನಾಲ್ಕು ಮೂಲೆ, ಕುಚ್ಚು, ಹಾಳಾದ ಜಾಗ ಎಲ್ಲವನ್ನೂ ಹಗಲು ಬೆಳಕಿನಲ್ಲಿ ತೆಗೆಯಿರಿ. ಸ್ಕೇಲ್ ಇಟ್ಟು ತೆಗೆದ ಹಿಂಬದಿಯ ಚಿತ್ರವಂತೂ ಇರಲೇಬೇಕು.