ವರ್ಷಗಟ್ಟಲೆ ಇಡುವ ಅಕ್ಕಿ, ಗೋಧಿ ಪ್ಯಾಕ್ ಮಾಡುವಾಗ

ರಿಲೀಫ್ ಸೊಸೈಟಿಯ (ಲ್ಯಾಟರ್-ಡೇ ಸೇಂಟ್ಸ್ ಚರ್ಚಿನ ಮಹಿಳಾ ಸಂಘ) ಸಹೋದರಿಯರೇ, ದೀರ್ಘಕಾಲದ ದಾಸ್ತಾನಿಗೆ ಬಿಳಿ ಅಕ್ಕಿ, ಗೋಧಿಯೇ ಸರಿ. ತಂಪಾದ ಒಣ ಜಾಗದಲ್ಲಿ 30 ವರ್ಷ ಇರುತ್ತವೆ. ಪಾಲಿಶ್ ಮಾಡದ ಅಕ್ಕಿ ಬೇಡ, ತವಡಿನ ಎಣ್ಣೆಯಿಂದ ಕೆಲವೇ ತಿಂಗಳಲ್ಲಿ ಕಮಟು ವಾಸನೆ ಬರುತ್ತದೆ. ಕಾಳಿನ ತೇವ ಶೇ 10 ಮೀರಬಾರದು. ತೇವವಿದ್ದು ಆಮ್ಲಜನಕ ಇಲ್ಲದಿದ್ದರೆ ಬಾಟುಲಿಸಂ (ಜೀವಕ್ಕೇ ಕುತ್ತು ತರಬಲ್ಲ ಆಹಾರವಿಷ) ಅಪಾಯ.

ಒಂದು ಗ್ಯಾಲನ್ (3.8 ಲೀಟರ್) ಫಾಯಿಲ್ ಚೀಲಕ್ಕೆ 300 ಸಿಸಿಯ ಒಂದು ಆಕ್ಸಿಜನ್ ಅಬ್ಸಾರ್ಬರ್ (ಆಮ್ಲಜನಕ ಹೀರುವ ಪುಟ್ಟ ಪೊಟ್ಟಣ) ಸಾಕು. ಗಾಳಿ ತಾಗಿದ ಕೂಡಲೇ ಅದು ಕೆಲಸ ಶುರು ಮಾಡುತ್ತದೆ. ಹಾಗಾಗಿ ಚೀಲಗಳನ್ನೆಲ್ಲ ತುಂಬಿಟ್ಟುಕೊಂಡ ಮೇಲಷ್ಟೇ ಅಬ್ಸಾರ್ಬರ್‌ಗಳಿರುವ ಹೊರ ಪ್ಯಾಕೆಟ್ ಒಡೆಯಿರಿ, ಉಳಿದ ಅಬ್ಸಾರ್ಬರ್‌ಗಳನ್ನು ಬಿಗಿಮುಚ್ಚಳದ ಗಾಜಿನ ಬಾಟಲಿಗೆ ಹಾಕಿ. ಚೀಲದ ಬಾಯಂಚಿಗೆ ಧೂಳು ಅಂಟಿದ್ದರೆ ಸೀಲ್ ಕೂರುವುದಿಲ್ಲ, ಒಣಬಟ್ಟೆಯಿಂದ ಒರೆಸಿ. ಸೀಲ್ ಮಾಡಿದ ಮೇಲೆ ಚೀಲ ಒತ್ತಿ ನೋಡಿ, ಗಾಳಿ ಹೊರಬಂದರೆ ಮತ್ತೆ ಸೀಲ್ ಮಾಡಿ.

ಸಕ್ಕರೆಗೆ ಮಾತ್ರ ಅಬ್ಸಾರ್ಬರ್ ಹಾಕಲೇಬೇಡಿ, ಕಲ್ಲಾಗುತ್ತದೆ.